ತಮಿಳಿನ ಸೇಡು, ಕನ್ನಡದ ಕೂಲಿ: ಧಾರಾವಾಹಿ ವ್ಯಾಪಾರದ ಒಂದು ಲೆಕ್ಕ

ಕನಕಪುರ ತಾಲ್ಲೂಕಿನ ಕೋಡಿಹಳ್ಳಿ ಹೋಬಳಿಯು ರಾಜ್ಯದ ಅಂಚಿಗೆ ಹತ್ತಿರದ ಪ್ರದೇಶ. ಕಾವೇರಿ ವನ್ಯಜೀವಿಧಾಮದ ಕಾಡು ದಾಟಿದರೆ ತಮಿಳುನಾಡು. ರೇಷ್ಮೆ ಸಾಕುವ ಮನೆಗಳಲ್ಲಿ ಹುಳುವಿಗೆ ರಾತ್ರಿಯ ಸೊಪ್ಪು ಹಾಕುವ ಹೊತ್ತೂ ದೂರದರ್ಶನ ವಾಹಿನಿಗಳು ಧಾರಾವಾಹಿಗಳಿಗೆ ಮೀಸಲಿಟ್ಟ ಹೊತ್ತೂ ಹೆಚ್ಚುಕಡಿಮೆ ಒಂದೇ. ಇಂತಹ ಮನೆಯ ಗೃಹಿಣಿಗೆ ತಮಿಳಿನ ಕೌಟುಂಬಿಕ ಹಗೆಯ ಕಥೆಯನ್ನು ಅನುಸರಿಸಲು ತಮಿಳು ಬರಬೇಕಾಗಿಲ್ಲ. ಅದೇ ಅತ್ತಿಗೆಯ ಕುತಂತ್ರ, ಅದೇ ಆಸ್ತಿಯ ಜಗಳ, ಅದೇ ಸೇಡು ಕನ್ನಡದ ಮುಖ, ಕನ್ನಡದ ಅಡುಗೆಮನೆ, ಕನ್ನಡದ ಬೈಗುಳಗಳೊಂದಿಗೆ ಅವಳ ಮುಂದೆ ಬರುತ್ತವೆ. ಚೆನ್ನೈನ ಕಥೆ ಕನ್ನಡದ ವೇಷದಲ್ಲಿ ಬಂದದ್ದು ಕಲಾಭಿರುಚಿಯಿಂದ ಮಾತ್ರವಲ್ಲ. ಅದರ ಹಿಂದೆ ದಶಕಗಳ ಒಂದು ವ್ಯಾಪಾರ ನಿರ್ಬಂಧ, ಒಂದು ನ್ಯಾಯನಿರ್ಣಯ ಮತ್ತು ನೂರಾರು ಕಾರ್ಮಿಕರ ದಿನಗೂಲಿಯ ಪ್ರಶ್ನೆ ಇವೆ.

ಸನ್ ಟಿವಿಯು 1993ರಲ್ಲಿಯೂ ಅದೇ ಸಮೂಹದ ಉದಯ ಟಿವಿಯು 1994ರಲ್ಲಿಯೂ ಆರಂಭವಾದವು. ರಾಧಿಕಾ ಅವರ ರಾಡಾನ್ ಸಂಸ್ಥೆಯ ‘ಚಿತ್ತಿ’ 1999ರಲ್ಲಿ ಸನ್ ಟಿವಿಯಲ್ಲಿ ಪ್ರಸಾರವಾದಾಗ ತಮಿಳು ಧಾರಾವಾಹಿಯು ಒಂದು ಉದ್ದಿಮೆಯ ಸ್ವರೂಪ ಪಡೆಯಿತು. 2003ರಿಂದ 2009ರವರೆಗೆ ನಡೆದ ತಿರುಸೆಲ್ವಂ ನಿರ್ದೇಶನದ ‘ಕೋಲಂಗಳ್’ನಲ್ಲಿ ದೇವಯಾನಿ ವಹಿಸಿದ ಅಭಿಯ ಪಾತ್ರಕ್ಕೆ ಎದುರಾಳಿಯಾದವನು ಮಲಸಹೋದರ ಆದಿ, ಹಗೆಯ ಕಣವಾದದ್ದು ಮನೆಯಷ್ಟೇ ಅಲ್ಲ, ವ್ಯವಹಾರವೂ ಹೌದು. 2013ರಿಂದ 2018ರವರೆಗೆ ನಡೆದ ‘ದೈವಮಗಳ್’ನಲ್ಲಿ ಖಳನಾಯಕಿ ಅತ್ತಿಗೆ ಗಾಯತ್ರಿಯ ಪಾತ್ರದಿಂದ ತಮಿಳುನಾಡಿನಲ್ಲಿ ಮನೆಮಾತಾದವರು ಕನ್ನಡದ ನಟಿ ರೇಖಾ ಕೃಷ್ಣಪ್ಪ.

‘ಚಿತ್ತಿ’ಯು ತೆಲುಗಿಗೆ ‘ಪಿನ್ನಿ’ ಎಂಬ ಹೆಸರಿನಲ್ಲಿ ಧ್ವನಿ ಬದಲಿಸಿಕೊಂಡು ಹೋಯಿತು. ಕರ್ನಾಟಕದಲ್ಲಿ ಆ ದಾರಿ ಮುಚ್ಚಿತ್ತು. ಅ.ನ.ಕೃಷ್ಣರಾಯರಂತಹ ಸಾಹಿತಿಗಳೂ ರಾಜ್‌ಕುಮಾರ್ ಅವರಂತಹ ಕಲಾವಿದರೂ ಬೆಂಬಲಿಸಿದ ಹೋರಾಟದ ಫಲವಾಗಿ 1960ರ ದಶಕದಿಂದ ಡಬ್ಬಿಂಗ್ ಚಿತ್ರಗಳು ಕನ್ನಡದಲ್ಲಿ ನಿಂತುಹೋಗಿದ್ದವು. ಸರ್ಕಾರದ ಯಾವ ಶಾಸನವೂ ಇದನ್ನು ವಿಧಿಸಿರಲಿಲ್ಲ. ಉದ್ದಿಮೆಯ ಸಂಘಗಳ ಕಟ್ಟುಪಾಡೇ ಶಾಸನದಂತೆ ನಡೆಯುತ್ತಿತ್ತು. ಕಿರುತೆರೆ ಬಂದಾಗ ಅದೇ ಕಟ್ಟುಪಾಡು ಅದಕ್ಕೂ ಅನ್ವಯವಾಯಿತು.

ಲೆಕ್ಕಪತ್ರದ ದೃಷ್ಟಿಯಿಂದ

ವಾರಕ್ಕೆ ಐದು ದಿನದಂತೆ ವರ್ಷಕ್ಕೆ 260 ಕಂತು. ಕೇಬಲ್ ಟೆಲಿವಿಷನ್ ನಿಯಮಗಳು ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತಿಗೆ ಅವಕಾಶ ಕೊಡುವುದಿಲ್ಲ; ಅದರಲ್ಲಿಯೂ 2 ನಿಮಿಷ ವಾಹಿನಿಯ ಸ್ವಂತ ಪ್ರಚಾರಕ್ಕೆ. ಅರ್ಧ ಗಂಟೆಯ ಅವಧಿಯಲ್ಲಿ ಕಥೆಗೆ ಸುಮಾರು 22 ನಿಮಿಷ ಉಳಿಯುತ್ತದೆ ಎಂದಿಟ್ಟುಕೊಂಡರೆ ವರ್ಷಕ್ಕೆ 5,720 ನಿಮಿಷ, ಅಂದರೆ 95 ಗಂಟೆಗೂ ಮಿಕ್ಕ ಚಿತ್ರಣ. ಎರಡೂವರೆ ಗಂಟೆಯ ಮೂವತ್ತೆಂಟು ಚಲನಚಿತ್ರಗಳಿಗೆ ಇದು ಸಮ. ಒಂದೇ ಧಾರಾವಾಹಿಯು ಬೆಳಕಿನ ಸಹಾಯಕರು, ಪ್ರಸಾಧನ ಕಲಾವಿದರು, ಬಡಗಿಗಳು, ಊಟ ಒದಗಿಸುವವರು, ವಾಹನ ಚಾಲಕರು, ಚಿತ್ರೀಕರಣಕ್ಕೆ ಮನೆ ಬಾಡಿಗೆಗೆ ಕೊಡುವವರು ಮುಂತಾದವರಿಗೆ ವರ್ಷವಿಡೀ ಕೆಲಸ ಕೊಡುತ್ತದೆ. ಡಬ್ಬಿಂಗ್ ಆದರೆ ಇಷ್ಟೂ ಬಾಬುಗಳು ಅಳಿಸಿಹೋಗಿ, ಸಂಭಾಷಣೆಕಾರ, ಕಂಠದಾನ ಕಲಾವಿದರು, ಧ್ವನಿಮುದ್ರಣ ಕೊಠಡಿಯ ಬಾಡಿಗೆ ಮಾತ್ರ ಉಳಿಯುತ್ತವೆ. ಸಂಘಗಳ ಭಯವು ಆಧಾರರಹಿತವಾಗಿರಲಿಲ್ಲ.

ಆದರೆ ಭಯಕ್ಕೆ ಆಧಾರವಿದ್ದ ಮಾತ್ರಕ್ಕೆ ಬಹಿಷ್ಕಾರವು ಕಾನೂನುಬದ್ಧವಾಗದು. ಕನ್ನಡ ಗ್ರಾಹಕರ ಕೂಟವು 2012ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಮುಂದೆ ದೂರು ಸಲ್ಲಿಸಿತು. 2015ರ ಜುಲೈ 27ರ ಆದೇಶದಲ್ಲಿ ಆಯೋಗವು, ಡಬ್ಬಿಂಗ್ ತಡೆಯುವ ಸಂಘಗಳ ನಡೆಯು 2002ರ ಸ್ಪರ್ಧಾ ಕಾಯಿದೆಯ 3ನೆಯ ಕಲಮಿನ ಉಲ್ಲಂಘನೆ ಎಂದು ತೀರ್ಮಾನಿಸಿ, ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ, ಕನ್ನಡ ಚಲನಚಿತ್ರ ನಿರ್ಮಾಪಕರ ಸಂಘ ಹಾಗೂ ಕರ್ನಾಟಕ ಟೆಲಿವಿಷನ್ ಸಂಘಗಳಿಗೆ ದಂಡ ವಿಧಿಸಿತು. ಹಿಂದಿ ‘ಮಹಾಭಾರತ’ ಧಾರಾವಾಹಿಯ ಬಂಗಾಳಿ ಅವತರಣಿಕೆಯನ್ನು ತಡೆಯಲು ಪಶ್ಚಿಮ ಬಂಗಾಳದ ಕಲಾವಿದರು ಮತ್ತು ತಂತ್ರಜ್ಞರ ಸಮನ್ವಯ ಸಮಿತಿಯು ನಡೆಸಿದ ಪ್ರಯತ್ನದ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2017ರ ಮಾರ್ಚ್ 7ರಂದು ಆಯೋಗದ ನಿಲುವನ್ನೇ ಎತ್ತಿಹಿಡಿಯಿತು. ಸದಸ್ಯರ ಹಿತ ಕಾಯುವುದು ವ್ಯಾಪಾರಿ ಸಂಘದ ಧರ್ಮವೇ ಆದರೂ ಮೂರನೆಯವನ ಸರಕು ಮಾರುಕಟ್ಟೆಗೆ ಬಾರದಂತೆ ತಡೆಯುವುದು ಅದರ ಅಧಿಕಾರಕ್ಕೆ ಸೇರಿದ್ದಲ್ಲ. ಯಾವುದೇ ಬಗೆಯ ವರ್ತಕರ ಸಂಘದ ಪದಾಧಿಕಾರಿಗಳು ಈ ಎರಡು ತೀರ್ಪುಗಳನ್ನು ಓದಿಟ್ಟುಕೊಳ್ಳುವುದು ಒಳಿತು.

ಬಾಗಿಲು ತೆರೆದ ಮೇಲೆ

ಬಾಗಿಲು ತೆರೆದರೆ ತಮಿಳು, ತೆಲುಗು, ಹಿಂದಿಯ ಕೌಟುಂಬಿಕ ಧಾರಾವಾಹಿಗಳು ಪ್ರವಾಹದಂತೆ ನುಗ್ಗುತ್ತವೆ ಎಂಬ ನಿರೀಕ್ಷೆ ಇತ್ತು. ನಡೆದದ್ದು ಬೇರೆ. 2017ರ ಜನವರಿಯಲ್ಲಿ ಸುಂದರ್ ಸಿ. ಅವರ ಸಂಸ್ಥೆಯು ನಾಗಿಣಿಯ ಸೇಡಿನ ಕಥೆಯಾದ ‘ನಂದಿನಿ’ಯನ್ನು ಸನ್ ಟಿವಿ ಮತ್ತು ಉದಯ ಟಿವಿಗಳಿಗಾಗಿ ತಮಿಳು, ಕನ್ನಡ ಎರಡರಲ್ಲಿಯೂ ಏಕಕಾಲಕ್ಕೆ ಚಿತ್ರೀಕರಿಸಿತು, ನಾಯಕಿ ಕನ್ನಡದವರೇ ಆದ ನಿತ್ಯಾ ರಾಮ್. ತೆಲುಗು ಮತ್ತು ಮಲಯಾಳಂಗಳಿಗೆ ಹೋದದ್ದು ಅದರ ಡಬ್ಬಿಂಗ್ ಅವತರಣಿಕೆ. ಒಂದೇ ಸಮೂಹ, ಒಂದೇ ಕಥೆ, ನಾಲ್ಕು ಭಾಷೆ. ಕನ್ನಡಕ್ಕೆ ಮಾತ್ರ ತಮಿಳಿನೊಂದಿಗೆ ಸಮಾನ ವೆಚ್ಚ.

ಅನಂತರವೂ ಇದೇ ಪ್ರವೃತ್ತಿ ಮುಂದುವರಿಯಿತು. ದಿನಸಿ ಅಂಗಡಿ ನಡೆಸುವ ಅಣ್ಣತಮ್ಮಂದಿರ ಕಥೆಯಾದ ವಿಜಯ್ ಟಿವಿಯ ‘ಪಾಂಡಿಯನ್ ಸ್ಟೋರ್ಸ್’ 2018ರಲ್ಲಿ ಆರಂಭವಾಗಿ, 2019ರಲ್ಲಿ ಸ್ಟಾರ್ ಸುವರ್ಣದಲ್ಲಿ ‘ವರಲಕ್ಷ್ಮಿ ಸ್ಟೋರ್ಸ್’ ಆಯಿತು. (ಆ ಅಂಗಡಿ ಅವಿಭಕ್ತ ಹಿಂದೂ ಕುಟುಂಬದ ವ್ಯವಹಾರವೋ ಪಾಲುದಾರಿಕೆಯೋ ಎಂಬುದನ್ನು ಮೊದಲ ವಾರದಲ್ಲಿಯೇ ಛಾಪಾ ಕಾಗದದ ಮೇಲೆ ಬರೆದಿಟ್ಟಿದ್ದರೆ ಎಷ್ಟು ಕಂತುಗಳ ಕಣ್ಣೀರು ಉಳಿಯುತ್ತಿತ್ತೆಂದು ಲೆಕ್ಕಪರಿಶೋಧಕರಿಗೆ ಅನಿಸದಿರದು.) ತಿರುಸೆಲ್ವಂ ಅವರದೇ ‘ಎದಿರ್‌ನೀಚ್ಚಲ್’ 2022ರಲ್ಲಿ ಸನ್ ಟಿವಿಯಲ್ಲಿ ಬಂದು, ಅದೇ ವರ್ಷ ಉದಯದಲ್ಲಿ ‘ಜನನಿ’ ಎಂಬ ಹೆಸರಿನಲ್ಲಿ ಮರುನಿರ್ಮಾಣವಾಯಿತು. ತಮಿಳು ಮೂಲದ ನಾಯಕಿ ಮಧುಮಿತಾ ಕೂಡ ಕನ್ನಡ ಕಿರುತೆರೆಯಿಂದ ಹೋದವರು.

ಡಬ್ಬಿಂಗ್‌ಗೆ ನಿಜವಾದ ಅವಕಾಶ ಕೊಟ್ಟದ್ದು 2020ರ ಲಾಕ್‌ಡೌನ್. ಚಿತ್ರೀಕರಣ ನಿಂತು ಕಂತುಗಳ ದಾಸ್ತಾನು ಮುಗಿದಾಗ, ಸ್ಟಾರ್ ಸುವರ್ಣವು ಮೇ ತಿಂಗಳಲ್ಲಿ ‘ಮಹಾಭಾರತ’ವನ್ನು ಕನ್ನಡದ ಧ್ವನಿಯಲ್ಲಿ ಪ್ರಸಾರ ಮಾಡಿತು. ಜುಲೈಯಲ್ಲಿ ಜೀ ಕನ್ನಡವು ಡಾ. ಅಂಬೇಡ್ಕರ್ ಅವರ ಜೀವನಾಧಾರಿತ ಹಿಂದಿ ಧಾರಾವಾಹಿಯನ್ನು ‘ಮಹಾನಾಯಕ’ ಎಂಬ ಹೆಸರಿನಲ್ಲಿ ತಂದಿತು. ರಾಜ್ಯದ ಹಳ್ಳಿಹಳ್ಳಿಗಳಲ್ಲಿ ಜನರೇ ಅದಕ್ಕೆ ಫಲಕ ಕಟ್ಟಿ ಸ್ವಾಗತಿಸಿದರು. ಆ ಸ್ವಾಗತವನ್ನು ಕಂಡ ಮೇಲೂ ಡಬ್ಬಿಂಗ್ ಎಂದರೆ ಕನ್ನಡ ದ್ರೋಹ ಎಂದು ವಾದಿಸುವುದು ಕಷ್ಟ.

ಇಲ್ಲಿ ಮಾರುಕಟ್ಟೆಯು ತಾನೇ ಒಂದು ವಿಂಗಡಣೆ ಮಾಡಿದಂತಿದೆ. ಪುರಾಣ, ಇತಿಹಾಸದ ಕಥೆಗಳಿಗೆ ಅರಮನೆ, ಆಭರಣ, ಯುದ್ಧದ ದೃಶ್ಯಗಳಿಗಾಗಿ ಬಂಡವಾಳ ಹೆಚ್ಚು. ಆದರೆ ಅವು ಯಾವ ಊರಿನವೂ ಅಲ್ಲವಾದ್ದರಿಂದ ಧ್ವನಿ ಬದಲಿಸಿದರೆ ಸಾಕು. ಅತ್ತೆ-ಸೊಸೆಯ ಹಗೆಗೆ ಬೇಕಾದದ್ದು ಒಂದು ನಡುಮನೆ, ಒಂದು ಅಡುಗೆಮನೆ, ಹತ್ತು ಸೀರೆ. ಬಂಡವಾಳ ಕಡಿಮೆ, ಸ್ಥಳೀಯತೆ ಹೆಚ್ಚು. ಆ ಮನೆಯ ಮುಖಗಳು ಪರಿಚಿತವಾಗಿರಬೇಕು, ತುಟಿಯ ಚಲನೆಯೂ ಮಾತೂ ಹೊಂದಬೇಕು, ಹಬ್ಬದ ವಿಶೇಷ ಕಾರ್ಯಕ್ರಮಕ್ಕೆ ಅದೇ ನಟಿ ಬಂದು ಕನ್ನಡದಲ್ಲಿ ಮಾತನಾಡಬೇಕು. ಮಸಾಲೆ, ಚಹಾ, ಒಡವೆ ಅಂಗಡಿಗಳ ಸ್ಥಳೀಯ ಜಾಹೀರಾತುದಾರರು ಬೆಲೆ ಕೊಡುವುದು ಈ ಪರಿಚಯಕ್ಕೇ. ಮರುನಿರ್ಮಾಣಕ್ಕೆ ತಮಿಳು ಕಥೆ ಅನುಕೂಲವಾಗುವುದಕ್ಕೂ ಕಾರಣವಿದೆ. ಸೋದರಮಾವ, ಸೋದರತ್ತೆಯ ಮಗಳು, ಇವರ ನಡುವಣ ಮದುವೆಯ ಹಕ್ಕು, ಕೊಟ್ಟ ಮಾತು, ಮುರಿದ ಸಂಬಂಧ ಇವೆಲ್ಲ ಎರಡು ನಾಡುಗಳಿಗೂ ಸಮಾನ. ಚಿತ್ತಿ ಚಿಕ್ಕಮ್ಮನಾಗುತ್ತಾಳೆ, ಅಣ್ಣಿ ಅತ್ತಿಗೆಯಾಗುತ್ತಾಳೆ; ಕಥೆಯ ಒಂದು ಎಳೆಯೂ ಸಡಿಲವಾಗುವುದಿಲ್ಲ. ಹಿಂದಿಯ ಕೌಟುಂಬಿಕ ಕಥೆಗೆ ಈ ಸೌಲಭ್ಯವಿಲ್ಲ. ಹೆಣ್ಣುಮಕ್ಕಳ ಪಿತ್ರಾರ್ಜಿತ ಹಕ್ಕಿನ ತಿದ್ದುಪಡಿ ತಮಿಳುನಾಡಿನಲ್ಲಿ 1989ರಲ್ಲಿ, ಕರ್ನಾಟಕದಲ್ಲಿ 1994ರಲ್ಲಿ, ಕೇಂದ್ರದಲ್ಲಿ 2005ರಲ್ಲಿ ಜಾರಿಗೆ ಬಂದದ್ದರಿಂದ ಆಸ್ತಿಯ ಜಗಳದ ಹಿನ್ನೆಲೆಯೂ ಬಹುಮಟ್ಟಿಗೆ ಒಂದೇ.

ಕೋಡಿಹಳ್ಳಿಯಂತಹ ಹೋಬಳಿಯ ಅಭಿರುಚಿಗೆ ಈ ಲೆಕ್ಕದಲ್ಲಿ ಸ್ಥಾನ ದೊರೆತದ್ದು ತಡವಾಗಿ. ಹಿಂದಿನ ವೀಕ್ಷಕ ಮಾಪನವು ಮುಖ್ಯವಾಗಿ ನಗರ ಪಟ್ಟಣಗಳ ಮನೆಗಳನ್ನು ಅವಲಂಬಿಸಿತ್ತು. ಬಾರ್ಕ್ ಸಂಸ್ಥೆಯು ಗ್ರಾಮೀಣ ಅಂಕಿಅಂಶಗಳನ್ನು ಸೇರಿಸಿದ್ದು 2015ರ ಅಕ್ಟೋಬರ್‌ನಲ್ಲಿ, ಸ್ಪರ್ಧಾ ಆಯೋಗದ ಆದೇಶವಾಗಿ ಕೆಲವೇ ತಿಂಗಳಿಗೆ. ಒಂದೇ ವರ್ಷದಲ್ಲಿ ಹಳ್ಳಿಯ ವೀಕ್ಷಕನಿಗೆ ಆಯ್ಕೆಯ ಹಕ್ಕೂ ದೊರೆಯಿತು, ಆ ಆಯ್ಕೆಯನ್ನು ಎಣಿಸುವ ವ್ಯವಸ್ಥೆಯೂ ಬಂದಿತು. ಪರಭಾಷೆಯ ಕೌಟುಂಬಿಕ ಧಾರಾವಾಹಿಯನ್ನು ಮರುನಿರ್ಮಿಸುವ ವೆಚ್ಚವನ್ನು ವಾಹಿನಿಗಳು ಇಂದಿಗೂ ಭರಿಸುತ್ತಿರುವುದು ಯಾವ ಸಂಘದ ಬೆದರಿಕೆಗೂ ಅಂಜಿ ಎನ್ನುವುದಕ್ಕಿಂತ ಈ ಎಣಿಕೆಯನ್ನು ನೋಡಿ ಎನ್ನುವುದೇ ಸರಿ.

ಹಾಗಾದರೆ ನಷ್ಟ ಯಾರಿಗೆ? ಮರುನಿರ್ಮಾಣದ ಲೆಕ್ಕಪತ್ರದಲ್ಲಿ ಕ್ಯಾಮೆರಾದಿಂದ ಕಾಫಿಯವರೆಗೆ ಎಲ್ಲ ಹಣವೂ ಬೆಂಗಳೂರಿನ ಸುತ್ತಮುತ್ತಲೇ ಸಂದಾಯವಾಗುತ್ತದೆ. ರಾಜ್ಯದ ಹೊರಗೆ ಹೋಗುವ ಸಾಲು ಒಂದೇ, ಕಥೆಯ ಹಕ್ಕಿನದು. ಡಬ್ಬಿಂಗ್ ವಿವಾದದಲ್ಲಿ ತಂತ್ರಜ್ಞರು, ಕಲಾವಿದರು, ನಿರ್ಮಾಪಕರ ಅಳಲು ಕೇಳಿದಷ್ಟು ಕಥೆಗಾರನ ಅಳಲು ಕೇಳಿಸಲಿಲ್ಲ. ಡಬ್ಬಿಂಗ್ ಅವನ ಕೆಲಸವನ್ನು ಕಸಿಯುವ ಮುನ್ನವೇ ಮರುನಿರ್ಮಾಣವು ಕಸಿದಿತ್ತು. 1998ರಲ್ಲಿ ದೂರದರ್ಶನದ ‘ಮಾಯಾಮೃಗ’, ಅನಂತರ ಈಟಿವಿ ಕನ್ನಡದ ‘ಮುಕ್ತ’ಗಳ ಮೂಲಕ ಟಿ.ಎನ್. ಸೀತಾರಾಮ್ ಅವರು ನ್ಯಾಯಾಲಯ, ರಾಜಕೀಯ, ಮಧ್ಯಮವರ್ಗದ ಮನೆಗಳಿಂದ ಕನ್ನಡದ್ದೇ ಕಥೆಗಳನ್ನು ತೆಗೆದಿದ್ದರು. ಬೇರೆಡೆ ಯಶಸ್ವಿಯಾದ ಕಥೆಯನ್ನು ಕೊಳ್ಳುವಾಗ ವಾಹಿನಿಯ ಅಪಾಯ ಕಡಿಮೆ. ಹೊಸ ಕಥೆಗಾರನನ್ನು ನಂಬುವಾಗ ಹೆಚ್ಚು. ಆ ವ್ಯತ್ಯಾಸವೇ ಕಥೆಯ ಹಕ್ಕಿಗೆ ಕೊಡುವ ಬೆಲೆ.

ಆ ಸಾಲು ವೆಚ್ಚದ ಬದಿಯಿಂದ ಆದಾಯದ ಬದಿಗೆ ಹೋದ ಉದಾಹರಣೆಯೂ ಇಲ್ಲದಿಲ್ಲ. ಕಲರ್ಸ್ ಕನ್ನಡದಲ್ಲಿ 2020ರಲ್ಲಿ ಆರಂಭವಾದ ‘ಕನ್ನಡತಿ’ಯು 2022ರಲ್ಲಿ ಮರಾಠಿಯಲ್ಲಿ ‘ಭಾಗ್ಯ ದಿಲೇ ತೂ ಮಲಾ’ ಎಂಬ ಹೆಸರಿನಲ್ಲಿ ಮರುನಿರ್ಮಾಣವಾಯಿತು. ಆ ಬಾರಿ ಕಥೆಯನ್ನು ಕೊಟ್ಟದ್ದು ಕನ್ನಡ, ಬೆಳಕಿನ ಸಹಾಯಕನ ಕೂಲಿ ಮಹಾರಾಷ್ಟ್ರದ ಲೆಕ್ಕಕ್ಕೆ.