ನಾಲ್ಕು ಗಾಲಿಯೂ ನೆಲಕ್ಕೆ: ಹಳೆಯ ಜೀಪಿನ ಪಾಟಾದೊಳಗಿನ ಭೌತಶಾಸ್ತ್ರ

ಬೈಲಹೊಂಗಲ, ಸವದತ್ತಿ, ರಾಮದುರ್ಗ ಕಡೆಯ ಹಳ್ಳಿಗಳಲ್ಲಿ ಹಳೆಯ ಮಹೀಂದ್ರಾ ಜೀಪು ಇನ್ನೂ ಪೂರ್ತಿ ಮರೆಯಾಗಿಲ್ಲ. ಒಂದು ಕಾಲಕ್ಕೆ ಸಂತೆಗೆ, ಜಾತ್ರೆಗೆ, ಮದುವೆಗೆ ಜನರನ್ನು ತುಂಬಿಕೊಂಡು ಓಡಿದ ಗಾಡಿಗಳು ಈಗ ಹೊಲದ ಮನೆಯ ಮುಂದೆಯೋ ಗ್ಯಾರೇಜಿನ ಹಿಂದೆಯೋ ನಿಂತಿರುತ್ತವೆ. ಅಂಥದೊಂದನ್ನು ಕೊಂಡು, ಸರಿಪಡಿಸಿ, ಗುಡ್ಡ ಹತ್ತಿಸಬೇಕೆಂಬ ಹುಚ್ಚು ನಮ್ಮ ವಯಸ್ಸಿನ ಬಹಳ ಜನರಿಗಿದೆ. ಹುಚ್ಚು ಇರಲಿ, ತಪ್ಪೇನಿಲ್ಲ. ಆದರೆ ಮೊದಲ ಮಾತೇ ‘ಗಾಡಿ ಎತ್ತರ ಮಾಡಿಸೋಣ, ದೊಡ್ಡ ಟೈರ್ ಹಾಕಿಸೋಣ’ ಎಂದಾಗುತ್ತದೆ. ಗುಡ್ಡ ಹತ್ತುವುದಕ್ಕೆ ಎತ್ತರಕ್ಕಿಂತ ಮುಖ್ಯವಾದದ್ದು ಬೇರೆ ಇದೆ: ತಗ್ಗು ದಿಣ್ಣೆಯಲ್ಲಿ ನಾಲ್ಕೂ ಗಾಲಿ ನೆಲ ಬಿಡದಿರುವುದು.

ಈ ಜೀಪಿನ ಕಂಪನಿಯ ಕಥೆಯೂ ಸ್ವಾರಸ್ಯವಾಗಿದೆ. 1945ರಲ್ಲಿ ಲೂಧಿಯಾನದಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಶುರುವಾದಾಗ ಅದರ ಹೆಸರು ‘ಮಹೀಂದ್ರಾ ಅಂಡ್ ಮೊಹಮ್ಮದ್’. ಪಾಲುದಾರರಾಗಿದ್ದ ಮಲಿಕ್ ಗುಲಾಮ್ ಮೊಹಮ್ಮದ್ ದೇಶ ವಿಭಜನೆಯ ನಂತರ ಪಾಕಿಸ್ತಾನಕ್ಕೆ ಹೋಗಿ ಅಲ್ಲಿಯ ಮೊದಲ ಹಣಕಾಸು ಮಂತ್ರಿಯಾದರು, ಮುಂದೆ ಗವರ್ನರ್ ಜನರಲ್ ಕೂಡ ಆದರು. 1948ರಲ್ಲಿ ಕಂಪನಿಯ ಹೆಸರು ‘ಮಹೀಂದ್ರಾ ಅಂಡ್ ಮಹೀಂದ್ರಾ’ ಆಯಿತು. ಅಮೆರಿಕದ ವಿಲ್ಲೀಸ್ ಜೀಪನ್ನು ಇಲ್ಲಿ ಜೋಡಿಸಿ ಮಾರಿದ್ದು ಇದೇ ಕಂಪನಿ. ಸಿಜೆ-3ಬಿ, ಎಂಎಂ 540 ಮೊದಲಾದವು ಆ ವಂಶದವು. ಮಾರುತಿ ಜಿಪ್ಸಿ ಬೇರೆ ಮನೆತನದ್ದು, 1985ರಲ್ಲಿ ಬಂದದ್ದು. ಆದರೂ ಇವೆಲ್ಲಕ್ಕೂ ಒಂದು ಸಾಮ್ಯವಿದೆ: ಹಿಂದೆ ಮುಂದೆ ಎರಡೂ ಕಡೆ ಒಂದೇ ತುಂಡಿನ ಗಟ್ಟಿ ಆಕ್ಸಲ್, ಅದನ್ನು ಹಿಡಿದಿರುವುದು ಪಾಟಾ.

ನಾಲ್ಕೂ ಗಾಲಿ ನೆಲದಲ್ಲಿ ಏಕಿರಬೇಕು? ಫೋರ್ ವ್ಹೀಲ್ ಹಾಕಿದರೆ ನಾಲ್ಕು ಗಾಲಿಗೂ ಶಕ್ತಿ ಹೋಗುತ್ತದೆ ಎಂದು ನಾವು ತಿಳಿದಿರುತ್ತೇವೆ. ನಿಜವಾಗಿ ಆಗುವುದು ಬೇರೆ. ಪ್ರತಿ ಆಕ್ಸಲ್ಲಿನ ನಡುವೆ ಡಿಫರೆನ್ಷಿಯಲ್ ಇರುತ್ತದೆ. ಸಾಮಾನ್ಯ ಡಿಫರೆನ್ಷಿಯಲ್ ಎಡ ಬಲ ಗಾಲಿಗಳಿಗೆ ಸಮನಾದ ತಿರುಚು ಬಲವನ್ನಷ್ಟೇ ಕೊಡಬಲ್ಲದು. ಒಂದು ಗಾಲಿ ಗಾಳಿಯಲ್ಲಿದ್ದರೆ ಅದನ್ನು ತಿರುಗಿಸಲು ಬಲವೇ ಬೇಕಿಲ್ಲ. ಹಾಗಾಗಿ ನೆಲದ ಮೇಲಿರುವ ಜೋಡಿ ಗಾಲಿಗೂ ಅಷ್ಟೇ, ಅಂದರೆ ಏನೂ ಇಲ್ಲ. ಜೀಪು ಅಡ್ಡಾದಿಡ್ಡಿ ಕಲ್ಲಿನ ಮೇಲೆ ಸಿಕ್ಕು ಮುಂದಿನ ಎಡಗಾಲಿ, ಹಿಂದಿನ ಬಲಗಾಲಿ ಎರಡೂ ಮೇಲೆದ್ದವು ಎನ್ನಿ. ಎಂಜಿನ್ ಎಷ್ಟು ಕೂಗಿದರೂ ಆ ಎರಡೇ ಗಾಲಿ ಸುತ್ತುತ್ತವೆ, ಗಾಡಿ ಮಿಸುಕಾಡುವುದಿಲ್ಲ. ಒಂದು ಕಡೆಯ ಗಾಲಿ ಮೇಲೇರಿದಾಗ ಇನ್ನೊಂದು ಕಡೆಯದು ಕೆಳಗಿಳಿದು ನೆಲ ಹಿಡಿಯುವ ಗುಣಕ್ಕೆ ಫ್ಲೆಕ್ಸ್ ಎನ್ನುತ್ತಾರೆ. ಕೊಡಚಾದ್ರಿಯ ಕಲ್ಲುದಾರಿಯಲ್ಲಿ, ಮಡಿಕೇರಿ ಹತ್ತಿರದ ಮಾಂದಲಪಟ್ಟಿಯಲ್ಲಿ ಪ್ರವಾಸಿಗರನ್ನು ಹೊತ್ತೊಯ್ಯುವ ಹಳೆಯ ಜೀಪುಗಳನ್ನು ನಿಂತು ನೋಡಿ. ಬಾಡಿ ಒಂದು ಕಡೆ, ಆಕ್ಸಲ್ ಇನ್ನೊಂದು ಕಡೆ ವಾಲಿರುತ್ತದೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮಳೆಗಾಲದಲ್ಲಿ ಬೈಲಹೊಂಗಲದ ಎರೆ ಮಣ್ಣಿನಲ್ಲಿ ಸಿಕ್ಕಿಕೊಂಡರೆ ಫ್ಲೆಕ್ಸ್‌ನಿಂದ ಏನೂ ಉಪಯೋಗವಿಲ್ಲ, ಅಲ್ಲಿ ಟೈರಿನದೇ ಕೆಲಸ. ಸವದತ್ತಿ, ರಾಮದುರ್ಗ ಕಡೆಯ ಕಲ್ಲುಗುಡ್ಡ, ಕೊರೆದ ಹಳ್ಳ, ಕಿತ್ತೂರಿನಾಚೆಯ ಕಾಡುದಾರಿ, ಇಲ್ಲಿ ಮಾತ್ರ ಅದರ ಬೆಲೆ ಗೊತ್ತಾಗುತ್ತದೆ.

ಈಗ ಪಾಟಾಕ್ಕೆ ಬರೋಣ. ಪಾಟಾ ಎಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು. ಒಂದು ತುದಿ ಚಾಸಿಗೆ ನೇರವಾಗಿ, ಇನ್ನೊಂದು ತುದಿ ಶ್ಯಾಕಲ್ ಮೂಲಕ. ಪಾಟಾ ಚಪ್ಪಟೆಯಾದಾಗ ಅದರ ತುದಿಗಳ ನಡುವಿನ ಅಂತರ ಹೆಚ್ಚುತ್ತದೆ, ಅದಕ್ಕೆ ಜಾಗ ಕೊಡುವುದೇ ಶ್ಯಾಕಲ್ಲಿನ ಕೆಲಸ. ಪಾಟಾದ ಬಿಗಿತ ಪಟ್ಟಿಗಳ ಸಂಖ್ಯೆಗೆ, ಅಗಲಕ್ಕೆ ಮತ್ತು ದಪ್ಪದ ಘನಕ್ಕೆ ಅನುಲೋಮ, ಉದ್ದದ ಘನಕ್ಕೆ ವಿಲೋಮ. ‘ಘನ’ ಎಂಬ ಶಬ್ದವನ್ನು ಗಮನಿಸಿ. ಆದರೆ ಭಾರ ಹೊರುವ ತಾಕತ್ತು ದಪ್ಪದ ವರ್ಗಕ್ಕೆ ಮಾತ್ರ ಅನುಲೋಮ. ಈ ವ್ಯತ್ಯಾಸದಲ್ಲೇ ಎಲ್ಲ ಗುಟ್ಟೂ ಇದೆ.

ಉದಾಹರಣೆಗೆ ಒಂದೇ ಉದ್ದ, ಅಗಲದ ಎರಡು ಪಾಟಾ ತೆಗೆದುಕೊಳ್ಳಿ. ಒಂದರಲ್ಲಿ 8 ಮಿ.ಮೀ. ದಪ್ಪದ 4 ಪಟ್ಟಿ, ಇನ್ನೊಂದರಲ್ಲಿ 6 ಮಿ.ಮೀ. ದಪ್ಪದ 7 ಪಟ್ಟಿ. ತಾಕತ್ತು: 4 × 64 = 256, 7 × 36 = 252. ಹೆಚ್ಚುಕಡಿಮೆ ಸಮ. ಬಿಗಿತ: 4 × 512 = 2048, 7 × 216 = 1512. ಅಂದರೆ ಅಷ್ಟೇ ಭಾರ ಹೊರುವ ಎರಡನೆಯ ಪಾಟಾ ಕಾಲುಭಾಗಕ್ಕಿಂತ ಹೆಚ್ಚು ಮೆತ್ತಗಿದೆ. ತೆಳುವಾದ ಪಟ್ಟಿ ಹೆಚ್ಚಿದ್ದರೆ ಒಳ್ಳೆಯದು ಎನ್ನುವುದು ಇದಕ್ಕೇ. ಪಟ್ಟಿ ಹೆಚ್ಚಾದಷ್ಟೂ ಅವುಗಳ ನಡುವಿನ ತಿಕ್ಕಾಟವೂ ಹೆಚ್ಚುತ್ತದೆ ಎಂಬುದನ್ನು ಮಾತ್ರ ಮರೆಯುವಂತಿಲ್ಲ.

ಜನ ಸಾಗಿಸಿದ ಜೀಪುಗಳಲ್ಲಿ ಭಾರಕ್ಕೆಂದು ಎಕ್ಸ್‌ಟ್ರಾ ಪಾಟಾ ಸೇರಿಸಿರುವುದುಂಟು. ಈಗ ಇಬ್ಬರು ಮೂವರೇ ಕೂರುವುದಾದರೆ ಅದನ್ನು ತೆಗೆಯುವುದೇ ಮೊದಲ ಸುಧಾರಣೆ, ಅದೂ ಹೆಚ್ಚು ಖರ್ಚಿಲ್ಲದೆ. ಇನ್ನೂ ಗೊಬ್ಬರ, ಹೊಟ್ಟು ಹೇರುವ ಗಾಡಿಯಾದರೆ ಮುಟ್ಟಬೇಡಿ. ಆಮೇಲೆ ಪಾಟಾ ಬಿಚ್ಚಿ, ತುಕ್ಕು ತಿಕ್ಕಿ, ಪಟ್ಟಿಗಳ ನಡುವೆ ಗ್ರೀಸ್ ಹಚ್ಚಿಸಬೇಕು. ಸವೆದ ಬುಶ್, ಜಾಮ್ ಆದ ಶ್ಯಾಕಲ್ ಪಿನ್ ಬದಲಿಸಬೇಕು. ಸೆಂಟರ್ ಬೋಲ್ಟ್ ಬಿಚ್ಚುವ ಮುನ್ನ ಪಾಟಾವನ್ನು ಕ್ಲ್ಯಾಂಪಿನಲ್ಲಿ ಬಿಗಿಯುವುದು ಕಡ್ಡಾಯ, ಇಲ್ಲವಾದರೆ ಪಟ್ಟಿ ಸಿಡಿದು ಕೈ ಹೋದೀತು. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಹೋಗುವುದಂತೂ ಬೇಡವೇ ಬೇಡ. ಮುರಿದ ಪಟ್ಟಿಗೆ ವೆಲ್ಡಿಂಗ್ ಮಾಡಿಸುವುದೂ ಸಲ್ಲ, ಕಾಯಿಸಿದರೆ ಉಕ್ಕಿಗೆ ಕೊಟ್ಟ ಹದವೇ ಕೆಟ್ಟುಹೋಗುತ್ತದೆ. ನಮ್ಮ ಕಡೆ ಈ ವೆಲ್ಡಿಂಗ್ ಚಟ ಸ್ವಲ್ಪ ಜಾಸ್ತಿ.

ಪಾಟಾ ಸಡಿಲವಾದರೂ ಶಾಕ್ ಅಬ್ಸಾರ್ಬರ್ ಗಿಡ್ಡವಾಗಿದ್ದರೆ ಗಾಲಿ ಅಷ್ಟಕ್ಕೇ ನಿಲ್ಲುತ್ತದೆ, ಹಗ್ಗ ಕಟ್ಟಿದ ಕರುವಿನಂತೆ. ಉದ್ದದ್ದು ಹಾಕಿಸಿದರೆ ಇನ್ನೂ ಕೆಳಗಿಳಿಯುತ್ತದೆ. ಅಪಾಯ ಶುರುವಾಗುವುದೂ ಅಲ್ಲಿಂದಲೇ. ಗಾಲಿ ಮೊದಲಿಗಿಂತ ಕೆಳಗಿಳಿದಾಗ ಬ್ರೇಕಿನ ರಬ್ಬರ್ ಪೈಪ್ ಎಳೆದಂತಾಗುತ್ತದೆ. ಅದು ಹರಿದರೆ ಇಳಿಜಾರಿನಲ್ಲಿ ಬ್ರೇಕೇ ಇಲ್ಲ. ಪೈಪಿನ ಉದ್ದ, ಪ್ರೊಪೆಲ್ಲರ್ ಶಾಫ್ಟಿನ ಜಾರುವ ಜೋಡಣೆ ಎಷ್ಟು ಹೊರಬರುತ್ತದೆ, ಟೈರ್ ಎಲ್ಲಿ ತಾಗುತ್ತದೆ, ಇವನ್ನು ಗಾಡಿ ನಿಂತಿರುವಾಗಲೇ ಗಾಲಿಯನ್ನು ಪೂರ್ತಿ ಇಳಿಸಿ, ಪೂರ್ತಿ ಏರಿಸಿ ನೋಡಬೇಕು.

ಆಕ್ಸಲ್ಲಿನ ಕೆಳಗಿರುವ ಪಾಟಾವನ್ನು ಮೇಲೆ ಕೂರಿಸಿ ಗಾಡಿ ಎತ್ತರಿಸುವವರೂ ಇದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಎರಡು ಗಾಲಿಗಳ ನಡುವಿನ ಅಂತರದ ಅರ್ಧ 24 ಇಂಚು, ಗುರುತ್ವ ಕೇಂದ್ರದ ಎತ್ತರವೂ 24 ಇಂಚು ಎಂದಿಟ್ಟುಕೊಳ್ಳಿ. ಗಾಡಿ ಮಗುಚುವ ಕೋನದ ಟ್ಯಾನ್ ಬೆಲೆ 1, ಕೋನ 45 ಡಿಗ್ರಿ. 4 ಇಂಚು ಎತ್ತರಿಸಿದರೆ 24/28, ಸುಮಾರು 41 ಡಿಗ್ರಿ. ಸ್ಪ್ರಿಂಗ್ ವಾಲುವುದನ್ನೂ ಲೆಕ್ಕಕ್ಕೆ ಹಿಡಿದರೆ ಇನ್ನೂ ಕಡಿಮೆ. ಜೊತೆಗೆ ಸ್ಟೀರಿಂಗ್ ಜೋಡಣೆಯೂ ಕೆಡುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಕ್ಕೆ ಹೊಂದದ ಮಾರ್ಪಾಡನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಹಾಗಾಗಿ ಇಂಥ ಯಾವುದೇ ಬದಲಾವಣೆಗೆ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಅಂದಹಾಗೆ ನಮ್ಮಲ್ಲಿ ಹೆಚ್ಚಿನವರಿಗೆ 18 ತುಂಬಿಲ್ಲ. ಸ್ಪ್ಯಾನರ್ ಹಿಡಿಯಲು ವಯಸ್ಸಿನ ಅಡ್ಡಿಯಿಲ್ಲ, ಸ್ಟೀರಿಂಗ್ ಹಿಡಿಯಲು ಇದೆ. ಸಿಕ್ಕಿಬಿದ್ದರೆ ಪಾಲಕರ ಮೇಲೂ ಕೇಸು ಬೀಳುತ್ತದೆ.

ಸುಧಾರಿಸಿದೆಯೋ ಇಲ್ಲವೋ ಅಳೆಯುವುದು ಹೇಗೆ? ಜಗತ್ತಿನೆಲ್ಲೆಡೆ ಬಳಸುವ ಕ್ರಮ ಇದು: 20 ಡಿಗ್ರಿ ಇಳಿಜಾರಿನ ಹಲಗೆಯ ಮೇಲೆ ಮುಂದಿನ ಒಂದೇ ಗಾಲಿ ಹತ್ತಿಸುತ್ತ ಹೋಗುವುದು. ಬೇರೆ ಯಾವುದೇ ಗಾಲಿ ನೆಲ ಬಿಡುವ ಹೊತ್ತಿಗೆ ಹಲಗೆಯ ಮೇಲೆ ಹೋದ ದೂರವನ್ನು ಹಿಂದು ಮುಂದಿನ ಗಾಲಿಗಳ ಅಂತರದಿಂದ ಭಾಗಿಸಿ 1000ದಿಂದ ಗುಣಿಸುವುದು. ಸಿಜೆ-3ಬಿಯಲ್ಲಿ ಆ ಅಂತರ 80 ಇಂಚು. 40 ಇಂಚು ಹತ್ತಿದರೆ ಅಂಕ 500, ಗಾಲಿ ಮೇಲೆದ್ದದ್ದು 40 × ಸೈನ್ 20, ಅಂದರೆ ಸುಮಾರು 13.7 ಇಂಚು.

ಹಲಗೆ ಇಲ್ಲದವರಿಗೆ ಇನ್ನೂ ಸುಲಭದ ಪ್ರಯೋಗವಿದೆ. ಯೂರಿಯಾ ಚೀಲ ಈಗ 45 ಕೆ.ಜಿ. ಬರುತ್ತದೆ. ಹಿಂದಿನ ಆಕ್ಸಲ್ಲಿನ ನೇರಕ್ಕೆ ಒಂದೊಂದೇ ಚೀಲ ಹೇರುತ್ತ, ಪ್ರತಿ ಸಲ ಚಾಸಿ ಮತ್ತು ಆಕ್ಸಲ್ಲಿನ ನಡುವಿನ ಅಂತರ ಬರೆದುಕೊಳ್ಳಿ. ನಂತರ ಒಂದೊಂದೇ ಇಳಿಸುತ್ತಲೂ ಬರೆದುಕೊಳ್ಳಿ. ಗ್ರಾಫ್ ಎಳೆದರೆ ಹೂಕನ ನಿಯಮದ ಸರಳರೇಖೆ ಬರಬೇಕು. ಬರುವುದಿಲ್ಲ. ಏರಿಸುವಾಗಿನ ಗೆರೆ, ಇಳಿಸುವಾಗಿನ ಗೆರೆ ಬೇರೆ ಬೇರೆಯಾಗಿ ನಡುವೆ ಒಂದು ಖಾಲಿ ಜಾಗ ಉಳಿಯುತ್ತದೆ. ಅದು ಮುಖ್ಯವಾಗಿ ಪಟ್ಟಿಗಳ ನಡುವಿನ ತಿಕ್ಕಾಟ ನುಂಗಿದ ಶಕ್ತಿ. ಗ್ರೀಸ್ ಹಚ್ಚಿಸಿದ ಮೇಲೆ ಅವೇ ಚೀಲಗಳನ್ನು ಮತ್ತೆ ಹೇರಿ ನೋಡಿ, ಆ ಜಾಗ ಎಷ್ಟು ಕಿರಿದಾಯಿತು ಎಂದು.