ಪ್ಲಗ್ ಕಿತ್ತಿದ್ದೆ, ಆದರೂ ಸಿಡಿಲು ಒಳಗೆ ಬಂತು

ಮೇ ತಿಂಗಳ ಒಂದು ಸಂಜೆ. ಮೋಡ ಕವಿಯುತ್ತಿದ್ದಂತೆ ಓಡಿಹೋಗಿ ಟಿ.ವಿ., ಹೋಮ್ ಥಿಯೇಟರ್ ಎರಡರ ಪ್ಲಗ್‌ಗಳನ್ನೂ ಕಿತ್ತಿಟ್ಟೆ. ನಮ್ಮದು ಬೈಲಹೊಂಗಲ, ಸವದತ್ತಿ ನಡುವಿನ ಹಳ್ಳಿ. ಮುಂಗಾರಿಗೂ ಮೊದಲಿನ ಅಡ್ಡಮಳೆ ಇಲ್ಲಿ ಗುಡುಗು ಸಿಡಿಲಿನೊಂದಿಗೇ ಬರುತ್ತದೆ. ಅಂದು ಹಿತ್ತಿಲಾಚೆಯ ತೆಂಗಿನ ಮರಕ್ಕೇ ಬಡಿಯಿತು. ‘ನಾ ಪ್ಲಗ್ ಕಿತ್ತೀನಿ, ಏನೂ ಆಗಂಗಿಲ್ಲ ಬಿಡವ್ವಾ’ ಎಂದು ಬೀಗಿದೆ.

ಬೆಳಿಗ್ಗೆ ನೋಡಿದರೆ ಡಿಶ್ ಬಾಕ್ಸ್ ಸತ್ತಿತ್ತು. ಹೊಸದು ಹಾಕಿಸಿದ ಮೇಲೆ ಟಿ.ವಿ.ಯಲ್ಲಿ ಚಿತ್ರ ಬಂತು, ಹೋಮ್ ಥಿಯೇಟರಿನಿಂದ ದನಿ ಬರಲಿಲ್ಲ. ಕೆಂಪು ದೀಪ ಮಾತ್ರ ಉರಿಯುತ್ತಿತ್ತು. ಅಣ್ಣ ಮೊದಲ ಪಗಾರದಲ್ಲಿ ತಂದಿದ್ದ ಸೆಟ್ ಅದು. ರಾತ್ರಿ ಊಟವಾದ ಮೇಲೆ ಅಪ್ಪ ಅದರಲ್ಲೇ ಭಜನೆ ಪದ ಕೇಳುತ್ತಿದ್ದರು. ಅಂಗಡಿಯವರು ಬಿಚ್ಚಿಯೂ ನೋಡದೆ, ‘ಬೋರ್ಡೇ ಹೋಗೇತಿ, ಹೊಸಾದು ತಗೋರಿ’ ಎಂದುಬಿಟ್ಟರು. ಅಪ್ಪ ಏನೂ ಅನ್ನಲಿಲ್ಲ. ಅದೇ ನನಗೆ ಚುಚ್ಚಿತು.

ಸೆಟ್ಟನ್ನು ಚೀಲಕ್ಕೆ ಹಾಕಿಕೊಂಡು ಸವದತ್ತಿ ಬಸ್ ಹತ್ತಿದೆ. ಅಲ್ಲಿ ಅಪ್ಪನಿಗೆ ಪರಿಚಯದ ಹಳೆಯ ರೇಡಿಯೊ ಮೆಕ್ಯಾನಿಕ್ ಇದ್ದಾರೆ. ನನ್ನ ಕಥೆ ಕೇಳಿ ಒಂದೇ ಪ್ರಶ್ನೆ ಹಾಕಿದರು: ‘ಪ್ಲಗ್ ಕಿತ್ತಿದ್ದಿ, ಖರೆ. ಡಿಶ್ ವಾಯರ್ ಕಿತ್ತಿದ್ದೇನ್ ತಮ್ಮಾ?’

ನನ್ನ ಬಾಯಿ ಕಟ್ಟಿತು.

ಸಿಡಿಲಿನ ವಿದ್ಯುತ್ ಹತ್ತಾರು ಸಾವಿರ ಆಂಪಿಯರ್. ಅದು ಕಣ್ಣು ಮಿಟುಕಿಸುವುದರೊಳಗೆ ಏರುವುದರಿಂದ, ನೇರವಾಗಿ ತಾಗದಿದ್ದರೂ ಹತ್ತಿರದ ಉದ್ದನೆಯ ವೈರುಗಳಲ್ಲಿ ಭಾರಿ ವೋಲ್ಟೇಜ್ ಹುಟ್ಟುತ್ತದೆ. ಮಾಳಿಗೆಯ ಡಿಶ್‌ನಿಂದ ಕೇಬಲ್, ಕೇಬಲ್‌ನಿಂದ ಬಾಕ್ಸ್, ಬಾಕ್ಸ್‌ನಿಂದ ಆಡಿಯೊ ವೈರ್. ಸಿಡಿಲು ನಡೆದು ಬಂದ ದಾರಿ ಅದೇ ಆಗಿತ್ತು.

‘ಏನು ಕೆಟ್ಟೈತಿ ಅಂತ ಆಮ್ಯಾಲೆ ಹುಡುಕೋಣು. ಏನೇನು ಚಲೋ ಐತಿ ಅಂತ ಮೊದಲ ನೋಡು’ ಎಂದರು. ಪ್ಲಗ್ ಕಿತ್ತಿದ್ದರೂ ದೊಡ್ಡ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ. ಮೊದಲು ಅದನ್ನು ಖಾಲಿ ಮಾಡಿದರು. ಫ್ಯೂಸ್ ಸರಿಯಿತ್ತು. ಬಳಿಕ 100 ವ್ಯಾಟಿನ ಬಲ್ಬನ್ನು ಸೀರೀಸ್‌ನಲ್ಲಿ ಜೋಡಿಸಿ ಕರೆಂಟ್ ಕೊಟ್ಟರು. ಬಲ್ಬ್ ಪೂರ್ತಿ ಬೆಳಗಿದರೆ ಒಳಗೆ ಶಾರ್ಟ್ ಇದೆ ಎಂದರ್ಥ. ನಮ್ಮದು ಒಮ್ಮೆ ಮಿಂಚಿ ಮಂಕಾಯಿತು. ಮಲ್ಟಿಮೀಟರ್ 12 ವೋಲ್ಟ್, 5 ವೋಲ್ಟ್ ಎರಡನ್ನೂ ಸರಿಯಾಗಿ ತೋರಿಸಿತು. ಕೊನೆಗೆ ಪೆನ್‌ಡ್ರೈವ್ ಸಿಕ್ಕಿಸಿದರು. ಹಾಡು ಬಂತು!

ಅಂದರೆ ಪವರ್ ಸಪ್ಲೈ, ಆಂಪ್ಲಿಫೈಯರ್, ಸ್ಪೀಕರ್ ಎಲ್ಲ ಚೆನ್ನಾಗಿದ್ದವು. ಸತ್ತಿದ್ದು ಬಾಕ್ಸ್‌ನ ವೈರ್ ಬಂದು ಸೇರುವ ಜಾಗದ ಒಂದು ಸಣ್ಣ ಐ.ಸಿ. ಮಾತ್ರ. ಹೊಸ ಸೆಟ್‌ಗೆ ಸಾವಿರಾರು ರೂಪಾಯಿ ಬೇಕಿತ್ತು. ಕೆಲಸ ಮುಗಿದದ್ದು 250 ರೂಪಾಯಿಯಲ್ಲಿ.

ಗೆಳೆಯರೆ, ಅನುಭವ ಇಲ್ಲದಿದ್ದರೆ ಸೆಟ್ ಬಿಚ್ಚಬೇಡಿ. ಫ್ಯೂಸ್ ಹೋದರೆ ತಾಮ್ರದ ತಂತಿ ಸುತ್ತಬೇಡಿ. ಆದರೆ ಪೆನ್‌ಡ್ರೈವ್ ಹಾಕಿ ನೋಡುವುದು ಯಾರಿಗೂ ಕಷ್ಟವಲ್ಲ. ಅಷ್ಟು ಮಾಡಿದ್ದರೆ ಅರ್ಧ ಉತ್ತರ ನನಗೆ ಮನೆಯಲ್ಲೇ ಸಿಗುತ್ತಿತ್ತು. ಇನ್ನೊಂದು ಮಾತು: ಗುಡುಗು ಶುರುವಾದ ಮೇಲೆ ವೈರ್ ಮುಟ್ಟಲು ಹೋಗಬೇಡಿ, ಸೆಟ್‌ಗಿಂತ ಜೀವ ದೊಡ್ಡದು. ಪುಣೆಯ ಹವಾಮಾನ ವಿಜ್ಞಾನಿಗಳು ರೂಪಿಸಿದ ‘ದಾಮಿನಿ’ ಆ್ಯಪ್ ಸುತ್ತಮುತ್ತಲಿನ ಸಿಡಿಲಿನ ಮುನ್ಸೂಚನೆ ಕೊಡುತ್ತದೆ.

ಈಗ ದೂರದಲ್ಲಿ ಮೋಡ ಕಂಡಾಗಲೇ ಪ್ಲಗ್ ಜೊತೆ ಡಿಶ್ ವೈರನ್ನೂ ಕೀಳುತ್ತೇನೆ. ಅವ್ವನ ಮುಂದೆ ಬೀಗುವುದನ್ನು ಮಾತ್ರ ಬಿಟ್ಟಿದ್ದೇನೆ.