ಗಣಕಯಂತ್ರದ ಕಾವು ಮತ್ತು ಪೆಲ್ಟಿಯರ್ ಫಲಕ

ಮನುಷ್ಯನ ಮೈಗೆ ಹೇಗೋ ಹಾಗೆಯೇ ಯಂತ್ರಕ್ಕೂ ಮಿತಿಮೀರಿದ ಕಾವು ಒಳ್ಳೆಯದಲ್ಲ. ಮಕ್ಕಳ ಓದು, ಹಿರಿಯರ ಕಚೇರಿ ಕೆಲಸ ಎರಡೂ ಗಣಕಯಂತ್ರವನ್ನು ಅವಲಂಬಿಸಿರುವ ಈ ದಿನಗಳಲ್ಲಿ, ಮಲಾಡಿನ ಇಕ್ಕಟ್ಟಾದ ಕೋಣೆಯಲ್ಲಿ ಮೇ ತಿಂಗಳ ಸೆಕೆಗೆ ಅದು ನಿಧಾನವಾದರೆ ಮನೆಯವರಿಗೆ ಚಿಂತೆ ಸಹಜ. ಆಗ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳಲ್ಲಿ ಅಗ್ಗವಾಗಿ ದೊರೆಯುವ ಪೆಲ್ಟಿಯರ್ ಫಲಕವು ಯುವಕರ ಮನಸ್ಸನ್ನು ಸೆಳೆಯುತ್ತದೆ. ಕೊಳ್ಳುವ ಮೊದಲು ಅದರ ಗುಣದೋಷಗಳನ್ನು ಅರಿಯುವುದು ಲೇಸು.

ಗಡಿಯಾರದ ಕಸುಬಿನಿಂದ ಭೌತವಿಜ್ಞಾನಕ್ಕೆ ಬಂದ ಫ್ರಾನ್ಸಿನ ಪೆಲ್ಟಿಯರ್ 1834ರಲ್ಲಿ ಒಂದು ವಿಚಿತ್ರವನ್ನು ಕಂಡನು. ಎರಡು ಬಗೆಯ ಲೋಹಗಳನ್ನು ಜೋಡಿಸಿ ವಿದ್ಯುತ್ ಹರಿಸಿದಾಗ ಒಂದು ಸಂಧಿ ತಂಪಾಗಿ, ಇನ್ನೊಂದು ಬಿಸಿಯಾಗುತ್ತಿತ್ತು. 1838ರಲ್ಲಿ ಲೆಂಜ್ ಎಂಬ ವಿಜ್ಞಾನಿ ಇಂತಹ ಸಂಧಿಯ ಮೇಲೆ ನೀರಿನ ಹನಿಯನ್ನು ಹೆಪ್ಪುಗಟ್ಟಿಸಿ, ವಿದ್ಯುತ್ತಿನ ದಿಕ್ಕನ್ನು ಬದಲಿಸಿ ಮತ್ತೆ ಕರಗಿಸಿದನು. ಇಂದಿನ ಫಲಕಗಳಲ್ಲಿ ಲೋಹಗಳ ಬದಲು ಬಿಸ್ಮತ್ ಟೆಲ್ಯುರೈಡ್ ಎಂಬ ಅರೆವಾಹಕವಿರುತ್ತದೆ.

ಕಾವಿನ ಜಮಾ-ಖರ್ಚು

ಫಲಕವು ಕಾವನ್ನು ನಾಶಮಾಡುವುದಿಲ್ಲ. ಒಂದು ಮೈಯಿಂದ ಇನ್ನೊಂದು ಮೈಗೆ ವರ್ಗಾಯಿಸುತ್ತದೆ, ಅಷ್ಟೆ. ಈ ವರ್ಗಾವಣೆಗೆ ತಗಲುವ ವಿದ್ಯುತ್ತೂ ಕಾವಾಗಿ ಅದೇ ಖಾತೆಗೆ ಜಮೆಯಾಗುತ್ತದೆ. ಪ್ರೊಸೆಸರ್ 50 ವಾಟ್ ಕಾವು ಹೊಮ್ಮಿಸಿ, ಫಲಕವು 60 ವಾಟ್ ವಿದ್ಯುತ್ ಸೇವಿಸಿದರೆ, ಬಿಸಿ ಮೈಯಿಂದ 110 ವಾಟ್ ಕೋಣೆಗೆ ಬರಲೇಬೇಕು. ಅದಕ್ಕೆ ಮೊದಲಿಗಿಂತ ದೊಡ್ಡ ಫ್ಯಾನ್ ಬೇಕು. ಮೇಲಾಗಿ, ಮೇಜಿನ ಗಣಕಯಂತ್ರದ ಅನೇಕ ಪ್ರೊಸೆಸರ್‌ಗಳು ಹೆಚ್ಚಿನ ಕೆಲಸವಿದ್ದಾಗ 100 ವಾಟ್ ಮೀರುತ್ತವೆ. ಇಷ್ಟು ಹೊರೆಯನ್ನು ಅಂಗಡಿಯ ಸಣ್ಣ ಫಲಕ ಹೊರಲಾರದು. ಆಗ ಅದು ತಂಪಿನ ಸಾಧನವಾಗದೆ ಪ್ರೊಸೆಸರಿಗೆ ಹೊದಿಸಿದ ಕಂಬಳಿಯಾಗುತ್ತದೆ.

ಕಡಲ ತೀರದ ತೊಡಕು

ಕೆಲಸ ಹಗುರವಾಗಿದ್ದಾಗ ಇನ್ನೊಂದು ಅಪಾಯ. ಮಾರ್ವೆ, ಅಕ್ಸಾ ಕಡಲತೀರಗಳಿಗೆ ಸಮೀಪದ ಮಲಾಡಿನ ಗಾಳಿಯಲ್ಲಿ ತೇವ ಸದಾ ಇದ್ದದ್ದೇ. ಉಷ್ಣತೆ 30 ಡಿಗ್ರಿ, ತೇವಾಂಶ ಶೇಕಡಾ 80 ಇದ್ದಾಗ, 26 ಡಿಗ್ರಿಗಿಂತ ತಣ್ಣಗಿನ ಯಾವ ವಸ್ತುವಿನ ಮೇಲೂ ನೀರು ಹನಿಗಟ್ಟುತ್ತದೆ. ತಂಪು ಕುಡಿಯುವ ಲೋಟ ಬೆವರುವಂತೆ ಫಲಕವೂ ಬೆವರಿ, ಆ ಹನಿ ಮದರ್‌ಬೋರ್ಡಿಗೆ ಇಳಿದರೆ ಯಂತ್ರವೇ ಕೈಬಿಡಬಹುದು. 2020ರಲ್ಲಿ ಇಂಟೆಲ್ ಸಂಸ್ಥೆಯು ಇದೇ ತತ್ತ್ವದ ಶೀತಕ ತಂತ್ರವನ್ನು ಹೊರತಂದಾಗ, ನೀರು ಹನಿಗಟ್ಟದಂತೆ ತೇವಾಂಶವನ್ನು ಅಳೆದು ನಿಯಂತ್ರಿಸುವ ಏರ್ಪಾಡನ್ನೂ ಮಾಡಿತ್ತು. 2023ರಲ್ಲಿ ಆ ತಂತ್ರವನ್ನು ಕೈಬಿಟ್ಟಿತು.

ಔಷಧದ ಪೆಟ್ಟಿಗೆ

ಕಾವಿನ ಹೊರೆ ಕಡಿಮೆಯಿರುವಲ್ಲಿ ಈ ಫಲಕ ನಿಜಕ್ಕೂ ಉಪಕಾರಿ. ಪ್ರಯಾಣದಲ್ಲಿ ಔಷಧ ಒಯ್ಯುವ ಪುಟ್ಟ ವಿದ್ಯುತ್ ಪೆಟ್ಟಿಗೆಗಳಲ್ಲಿ ಇರುವುದು ಇದೇ. ಆದರೆ ಬೇಸಗೆ ರಜೆಯಲ್ಲಿ ಊರಿಗೆ ಹೊರಡುವ ಮಧುಮೇಹಿಗಳು ಒಂದನ್ನು ಮರೆಯಬಾರದು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಲೂ ಬಾರದು. ಇಂತಹ ಹಲವು ಪೆಟ್ಟಿಗೆಗಳು ಹೊರಗಿನ ಉಷ್ಣತೆಗಿಂತ ಸುಮಾರು 15ರಿಂದ 20 ಡಿಗ್ರಿ ಮಾತ್ರ ಇಳಿಸಬಲ್ಲವು. ಹೊರಗೆ 36 ಡಿಗ್ರಿಯಿದ್ದರೆ ಒಳಗೆ 16 ಆದೀತು, 8 ಆಗದು. ಆದ್ದರಿಂದ ಪೆಟ್ಟಿಗೆಯೊಳಗೆ ಒಂದು ಉಷ್ಣಮಾಪಕವನ್ನಿಟ್ಟು ನೋಡಿಕೊಂಡೇ ನಂಬಬೇಕು.

ಇನ್ನು ಮನೆಯ ಗಣಕಯಂತ್ರಕ್ಕೆ ಬೇಕಾದ ಉಪಚಾರ ಸರಳ. ವಿದ್ಯುತ್ ಸಂಪರ್ಕ ತಪ್ಪಿಸಿ ಫ್ಯಾನಿನ ಧೂಳನ್ನು ತೆಗೆಯುವುದು, ಪೆಟ್ಟಿಗೆಯನ್ನು ಗೋಡೆಯಿಂದ ಗೇಣುದ್ದ ಸರಿಸಿ ಗಾಳಿಗೆ ದಾರಿ ಕೊಡುವುದು, ಒಣಗಿದ ಥರ್ಮಲ್ ಪೇಸ್ಟನ್ನು ಬಲ್ಲವರಿಂದ ಹೊಸದಾಗಿ ಹಚ್ಚಿಸುವುದು. ಬಹುತೇಕ ಮನೆಗಳಿಗೆ ಇಷ್ಟೇ ಸಾಕು. ಖರ್ಚೂ ಅಲ್ಪ, ಅಪಾಯವೂ ಅಲ್ಪ.